ಬಟ್ಟೆ ಒಗೆಯುವವಳ ಮಗಳು

ಸೋಮವಾರ, ಜೂನ್ ೧೪

ಹೆಡ್ ಮೇಡಂ ಮಾತು ಇನ್ನೂ ಚುಚ್ಚುತ್ತಿದೆ. ಕೊರೊನಾ ಅಂತ ಶಾಲೆ ಮುಚ್ಚಿದ್ದರೂ ಆಸ್ಪತ್ರೆಯವರ ಮಕ್ಕಳಿಗೆಂದು ಒಂದು ಕೊಠಡಿ ತೆರೆದಿದ್ದಾರೆಂದು ಕೇಳಿ, ಬೆಳಿಗ್ಗೆ ಪುಟ್ಟಿಗೆ ತಲೆ ಬಾಚಿ ಕರೆದುಕೊಂಡು ಹೋದೆ.

"ಡಾಕ್ಟರಾ, ನರ್ಸಾ?" ಗೇಟಿನ ಒಳಗಿನಿಂದಲೇ ಕೇಳಿದರು.

"ಲಾಂಡ್ರಿ, ಮೇಡಂ. ವಾರ್ಡಿನ ಬಟ್ಟೆ ಒಗೀತೀನಿ."

"ಹಾಗಾದ್ರೆ ಆಗಲ್ಲಮ್ಮ. ಬಟ್ಟೆ ಒಗೆಯೋರೂ ಬಂದ್ರೆ ಎಲ್ಲಿ ಕೂರಿಸೋಣ?"

ಒಳಗೆ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು.

ರಜೆ ಕೇಳಲು ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. "ರಜೆನಾ? ನೀವಿಲ್ದೆ ಆಸ್ಪತ್ರೆ ಒಂದಿನವೂ ನಡೆಯಲ್ಲ ಕಣಮ್ಮ" ಎಂದ. ಹೊಗಳಿಕೆ ಬೇರೆ! ಶಾಲೆಯ ಗೇಟಿನಲ್ಲಿ ಲೆಕ್ಕಕ್ಕೇ ಇಲ್ಲದವಳು ಕೆಲಸಕ್ಕೆ ಮಾತ್ರ ಬೇಕೇ ಬೇಕು.

ಇವಳಪ್ಪ ಔಷಧಿ ಲಾರಿ ಓಡಿಸಿಕೊಂಡು ಹೋಗಿದ್ದಾರೆ, ಈ ವಾರ ಬರುವುದಿಲ್ಲ. ಪಕ್ಕದ ಮನೆಯ ಅಕ್ಕ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಇನ್ನೇನು ಮಾಡಲಿ? ಪುಟ್ಟಿಯನ್ನು ಒಳಗೆ ಬಿಟ್ಟು ಬೀಗ ಹಾಕಿ ಹೋದೆ. ದಿನವಿಡೀ ಯಾರದೋ ರಕ್ತ, ಯಾರದೋ ವಾಂತಿ ತೊಳೆದೆ. ಮನಸ್ಸೆಲ್ಲ ಮನೆಯಲ್ಲೇ.

ಸಂಜೆ ಬಾಗಿಲು ತೆಗೆದರೆ ಮೂಲೆಯಲ್ಲಿ ಮುದುರಿ ಕೂತಿದ್ದಳು. ಲಂಗ ಒದ್ದೆ. ಒಬ್ಬಳೇ ಬಚ್ಚಲಿಗೆ ಹೋಗಲು ಭಯವಾಯಿತಂತೆ. ಸ್ನಾನ ಮಾಡುವವರೆಗೆ ನಾನು ಅವಳನ್ನು ಮುಟ್ಟುವಂತಿಲ್ಲ. ಅದು ಅವಳಿಗೂ ಗೊತ್ತು, ಕೈ ಚಾಚಲೂ ಇಲ್ಲ. ಏಳು ವರ್ಷದ ಮಗುವಿಗೆ ಇಷ್ಟು ತಿಳಿವಳಿಕೆ ಯಾಕೆ ಬೇಕಿತ್ತು?

ಮಲಗುವಾಗ ಹೇಳಿದಳು, "ನಾಳೆ ಬೀಗ ಬೇಡಮ್ಮ. ನಾನೆಲ್ಲೂ ಹೋಗಲ್ಲ."

"ಆಯ್ತು ಕಂದಾ" ಎಂದೆ. ನಂಬಿ ನಿದ್ದೆ ಹೋದಳು.

ಕಣ್ಣು ಎಳೆಯುತ್ತಿದೆ. ನಾಳೆ ಅವಳು ಏಳುವ ಮೊದಲೇ, ಸದ್ದಾಗದ ಹಾಗೆ ಬೀಗ ಹಾಕಿಕೊಂಡು...