ಕರದಂಟಿಗೂ ಮುರಿಯದ ಹಲ್ಲು

ದೊಡ್ಡವ್ವ, ನಿನಗೆ ಶರಣು.

ಗೆದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಯಾವ ಕಥೆಯನ್ನೂ ಮೊದಲಿನಿಂದ ಕೇಳಿದವಳಲ್ಲ. ಕಡೆಗೆ ಏನಾಯಿತು, ಅಷ್ಟು ಹೇಳು ಎನ್ನುತ್ತಿದ್ದೆ. ಕಡೆಗೆ ಆದದ್ದು ಇಷ್ಟು: ನಾನು ಮಾಡಿದ ಹಲ್ಲಿನ ಸೆಟ್ಟು ಅಮೀನಗಡದ ಕರದಂಟನ್ನು ಕಡಿಯಿತು, ತಾನು ಮುರಿಯಲಿಲ್ಲ. ಯಾರ ಬಾಯಲ್ಲಿ ಕೂತು ಕಡಿಯಿತು ಎನ್ನುವುದನ್ನು ಮಾತ್ರ ಈಗಲೇ ಹೇಳುವುದಿಲ್ಲ. ಹೇಳಿದರೆ ನೀನು ಎದ್ದು ಬಂದು ಜಗಳ ತೆಗೆಯುವವಳೇ.

ಇಳಕಲ್ಲಿನ ನಮ್ಮ ಓಣಿಯ ಮಠದಲ್ಲಿ ಆ ವರ್ಷದ ಬಸವ ಜಯಂತಿ ನೆನಪಿದೆಯಾ? ಮರೆಯುವಂಥದ್ದೇ ಅದು? ವಚನ ಹಾಡಲು ಎಲ್ಲರೂ ನಿನ್ನ ಸುತ್ತ ಕೂತಿದ್ದರು. ನೀನು ಎತ್ತಿಕೊಟ್ಟರೆ ಉಳಿದವರು ಹಿಡಿಯಬೇಕು, ಅದು ನಮ್ಮ ಓಣಿಯ ಕ್ರಮ. ಅಷ್ಟರಲ್ಲಿ ಹುನಗುಂದದಿಂದ ಬಂದ ಬೀಗರು ಕರದಂಟು ಹಂಚಿದರು. ಬೇಡ ಎನ್ನುವ ಬಾಯೇ ನಿನ್ನದು? ಗೋಡಂಬಿ, ಅಂಟು, ಬೆಲ್ಲ ಎಲ್ಲ ಸೇರಿ ಗಟ್ಟಿಯಾದ ಆ ತುಂಡನ್ನು ಕಡಿದೆ, ಟಕ್ಕೆಂದಿತು. ಮೇಲಿನ ಸೆಟ್ಟು ನಟ್ಟನಡುವೆ ಎರಡು ಹೋಳಾಗಿ ನಿನ್ನ ಅಂಗೈಗೆ ಬಂತು. ಎಲ್ಲರೂ ಕಾಯುತ್ತಿದ್ದರು. ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆಗ ಎದುರು ಮನೆಯ ಪಾರವ್ವ ಅತ್ತೆ ಗಂಟಲು ಸರಿಮಾಡಿಕೊಂಡು ತಾನೇ ಎತ್ತಿಕೊಂಡಳು, ತನ್ನ ಮೂಗಿನ ದನಿಯಲ್ಲಿ. ಮನೆಗೆ ಬಂದವಳು ನೀನು ಹಲ್ಲು ಹೋದದ್ದಕ್ಕೆ ಒಂದು ಮಾತೂ ಆಡಲಿಲ್ಲ. ಪಾರವ್ವ ಧಾಟಿ ಕೆಡಿಸಿದಳು ಎಂದು ರಾತ್ರಿ ಊಟ ಬಿಟ್ಟೆ.

ಆಮೇಲೆ ಹೊಸದು ಕಟ್ಟಿಸಿದೆವು. ಅದೂ ಎಷ್ಟು ದಿನ ಬಂತು? ಮಗ್ಗದ ಮೇಲೆ ಕೂತರೆ ನೂಲನ್ನು ಕತ್ತರಿಯಿಂದ ಕತ್ತರಿಸುವ ಅಭ್ಯಾಸ ನಿನಗಿರಲಿಲ್ಲ. ಮುಂದಿನ ಹಲ್ಲಲ್ಲಿ ಹಿಡಿದು ಒಮ್ಮೆ ಜಗ್ಗಿದರೆ ಮುಗಿಯಿತು. ಹುಟ್ಟಿನಿಂದ ಬಂದ ಹಲ್ಲು ಅದನ್ನು ತಾಳಿಕೊಂಡಿತ್ತು, ಕಟ್ಟಿಸಿದ ಹಲ್ಲಿಗೆ ಅದು ಹೇಗೆ ಗೊತ್ತಿರಬೇಕು? ಸ್ವಲ್ಪ ಸ್ವಲ್ಪವೇ ಬಾಗಿ ಬಾಗಿ ನಡುವೆ ಕೂದಲೆಳೆಯಂಥ ಬಿರುಕು ಬಿತ್ತು. ನಾನು ಕತ್ತರಿ ತಂದುಕೊಟ್ಟೆ. ನೀನು ಅದನ್ನು ಸೊಪ್ಪು ಹೆಚ್ಚಲು ಇಟ್ಟುಕೊಂಡೆ.

ನನಗೆ ಬಾಗಲಕೋಟೆಯ ಹಲ್ಲಿನ ಕಾಲೇಜಿನ ಪ್ರಯೋಗಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕ ದಿನ ನೀನು ಪೇಡೆ ಹಂಚಲಿಲ್ಲ, ನನ್ನ ಕೈ ಹಿಡಿದು ಶರತ್ತು ಹಾಕಿದೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದ ಮಗಳಿಗೆ ಯಾರಾದರೂ ಹೀಗೆ ಶರತ್ತು ಹಾಕುತ್ತಾರೆಯೇ?

"ಕರದಂಟಿಗೆ ಮುರೀಲಾರದ ಹಲ್ಲು ಮಾಡಿಕೊಂಡು ಬಾ. ಆವತ್ತ ನಾ ಮಠದಾಗ ಮತ್ತ ಬಾಯಿ ತಗೀತೇನಿ. ಅಲ್ಲೀತನಕ ಹಾಡಿನ ಸುದ್ದಿ ನನ್ನ ಮುಂದ ತಗೀಬ್ಯಾಡ."

ಖರೆ ಹೇಳುತ್ತೇನೆ, ನಾನು ನಕ್ಕೆ. ಆದರೆ ನೀನು ನಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಬದುಕುವುದು ನಿನಗೆ ಎಷ್ಟು ಕಷ್ಟವಾಗಿತ್ತು ಎಂದು ನನಗೆ ತಿಳಿದದ್ದು ಆಗಲೇ.

ನೀನು ಬಾಗಲಕೋಟೆಯ ನವನಗರಕ್ಕೆ ಒಮ್ಮೆ ಬಂದದ್ದು ಈಗಲೂ ಕಣ್ಣ ಮುಂದಿದೆ. ಆಲಮಟ್ಟಿಯ ನೀರು ಹಳೆಯ ಪೇಟೆಗೆ ಬಂದು, ಊರಿಗೆ ಊರೇ ಸೆಕ್ಟರುಗಳಿಗೆ ಎದ್ದು ಹೋಗುತ್ತಿದ್ದ ಕಾಲ. ಇಳಕಲ್ಲಿನಿಂದ ಬಸ್ಸಿನಲ್ಲಿ ಒಬ್ಬಳೇ ಬಂದು, ಸೆಕ್ಟರ್ ಕೇಳಿ ಕೇಳಿ ಹುಡುಕಿ, ಪ್ರಯೋಗಾಲಯದ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತೆ. ಹಲ್ಲು ಕಟ್ಟುವ ದ್ರವದ ವಾಸನೆಯೇ ಹಾಗೆ, ತಲೆಗೆ ಏರುತ್ತದೆ. ಗುಲಾಬಿ ಬಣ್ಣದ ಪುಡಿಗೆ ನಾನು ಆ ದ್ರವ ಹಾಕಿ ಕಲಸಿದೆ. ಮೊದಲು ತೊಯ್ದ ಮರಳಿನಂತೆ ಇತ್ತು, ಆಮೇಲೆ ಎಳೆ ಎಳೆಯಾಯಿತು, ಕೊನೆಗೆ ನಾದಿದ ಹಿಟ್ಟಾಯಿತು. ಅದನ್ನು ಅಚ್ಚಿಗೆ ತುಂಬಿ ಒತ್ತಿ ಬಿಸಿನೀರಿನಲ್ಲಿ ನಿಧಾನವಾಗಿ ಬೇಯಿಸಬೇಕು, ಅವಸರ ಮಾಡಿದರೆ ಒಳಗೆ ಗುಳ್ಳೆ ಏಳುತ್ತವೆ ಎಂದೆ. ರೊಟ್ಟಿ ಹಿಟ್ಟು ನಾನೂ ನಾದುವುದಿಲ್ಲವೇ, ಇಷ್ಟಕ್ಕೆ ಇಷ್ಟು ವರ್ಷ ಓದಬೇಕಿತ್ತೇ ಎಂದು ನನ್ನ ಸರ್ ಎದುರಿಗೇ ಕೇಳಿಬಿಟ್ಟೆ. ಸರ್ ಮೀಸೆಯಲ್ಲೇ ನಕ್ಕರು.

ಅವತ್ತು ಚಹಾ ಕುಡಿಯುವಾಗ ನೀನು ಅದರ ಹೆಸರು ಕೇಳಿದೆ. ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂದೆ. ಇನ್ನೊಮ್ಮೆ ಹೇಳು ಎನ್ನಲಿಲ್ಲ. ಹಾಗಾಗಿ ನಿನ್ನ ಮಗ್ಗದ ಮಾತಿನಲ್ಲೇ ಹೇಳಿದೆ. ಸೀರೆಯ ಮೈಯ ನೂಲನ್ನೂ ಸೆರಗಿನ ರೇಷ್ಮೆಯನ್ನೂ ನೀನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತೀಯಲ್ಲ, ಹಾಗೆ ಆ ದ್ರವದ ಸಣ್ಣ ಸಣ್ಣ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದನೆಯ ಸರಪಳಿಯಾಗುತ್ತವೆ. ಬಣ್ಣ ಹಾಕದಿದ್ದರೆ ಅದು ಗಾಜಿನಷ್ಟು ತಿಳಿ, ಗಾಜಿಗಿಂತ ಹಗುರ. ಬಿಸಿಲಿಗೆ ಬೇಗ ಹಳದಿಯಾಗುವುದಿಲ್ಲ, ಅದಕ್ಕೇ ಅಂಗಡಿಗಳ ಹೊಳೆಯುವ ಬೋರ್ಡು ಅದರಿಂದ ಮಾಡುತ್ತಾರೆ. ಮೈಯೂ ಅದನ್ನು ಒಪ್ಪಿಕೊಳ್ಳುತ್ತದೆ, ಮೂಳೆಯ ಡಾಕ್ಟರರು ಕೃತಕ ಕೀಲು ಕೂಡಿಸಲು ಸಿಮೆಂಟಿನ ಹಾಗೆ ಬಳಸುತ್ತಾರೆ. ಬಾದಾಮಿಯ ಶಿಬಿರದಲ್ಲಿ ಪೊರೆ ತೆಗೆದು ನಿನ್ನ ಕಣ್ಣೊಳಗೆ ಇಟ್ಟ ಮಸೂರವೂ ಇದೇ ಮನೆತನದ್ದು ಎಂದಾಗ ಮಾತ್ರ ನೀನು ಕಪ್ಪು ಕೆಳಗಿಟ್ಟೆ.

"ಹಂಗಾರ ಇಬ್ಬರೂ ಅಕ್ಕ ತಂಗಿ ಅನ್ನು. ಕಣ್ಣಾಗಿನಾಕಿ ಶಾಣ್ಯಾಕಿ ಅದಾಳ. ಬಾಯಾಗಿನಾಕಿ ಯಾಕ ಮುರಕೊಂಡ ಬೀಳ್ತಾಳ?"

ಕಣ್ಣು ಕರದಂಟು ತಿನ್ನುವುದಿಲ್ಲವಲ್ಲ, ದೊಡ್ಡವ್ವ. ಆದರೆ ನಿನ್ನ ಪ್ರಶ್ನೆಯೇ ನನ್ನ ಸಂಶೋಧನೆಯ ಪ್ರಶ್ನೆಯೂ ಆಗಿತ್ತು. ಇಷ್ಟೆಲ್ಲ ಗುಣವಿರುವ ವಸ್ತು ಮತ್ತೆ ಮತ್ತೆ ಬಾಗಿಸಿದರೆ ನಡುವಿನಲ್ಲಿ ಯಾಕೆ ಸೋಲುತ್ತದೆ? ಸೋಲದಂತೆ ಒಳಗೆ ಏನನ್ನು ಇಡಬೇಕು? ಗಾಜಿನ ಎಳೆ ಇಡುವವರಿದ್ದಾರೆ, ಆದರೆ ಎಳೆ ಹೊರಗೆ ಚಾಚಿದರೆ ನಾಲಿಗೆಗೆ ಚುಚ್ಚುತ್ತದೆ. ನನಗೆ ರೇಷ್ಮೆ ಹೊಳೆಯಿತು. ನೇಕಾರರ ಮಗಳಿಗೆ ಇನ್ನೇನು ಹೊಳೆಯಬೇಕು?

ನಿನ್ನ ಮಗ್ಗದ ಮಗ್ಗುಲಿನ ಗೂಟದಲ್ಲಿ ಸೆರಗಿನ ಕೆಂಪು ರೇಷ್ಮೆ ಉಳಿದದ್ದು ತೂಗುತ್ತಿತ್ತು. ನಾನು ಕೇಳಿದೆ, ನೀನು ಕೊಟ್ಟೆ. ಒಂದೇ ಉಸಿರಿಗೆ ಬಾಗಲಕೋಟೆಗೆ ಓಡಿದೆ. ಎಳೆಗಳನ್ನು ಅಡ್ಡಡ್ಡ ಜೋಡಿಸಿ, ಮೇಲೆ ಕೆಳಗೆ ಹಿಟ್ಟು ತುಂಬಿ, ಬೇಯಿಸಿ ಪಟ್ಟಿ ಮಾಡಿದೆ. ಯಂತ್ರದ ಮೇಲಿಟ್ಟು ಒತ್ತಿದರೆ ರೇಷ್ಮೆ ಇಲ್ಲದ ಬರಿಯ ಪಟ್ಟಿಗಿಂತ ಮೊದಲೇ ಮುರಿಯಿತು! ಮತ್ತೆ ಮಾಡಿದೆ, ಮತ್ತೆ ಮುರಿಯಿತು. ಗಟ್ಟಿ ಮಾಡಲು ಹಾಕಿದ್ದೇ ಅದನ್ನು ಸಡಿಲ ಮಾಡುತ್ತಿತ್ತು. ರೇಷ್ಮೆ ಬಿಟ್ಟು ಬೇರೆ ಏನಾದರೂ ನೋಡು ಎಂದು ಸರ್ ಮೆಲ್ಲಗೆ ಹೇಳಿದರು. ಊರಿಗೆ ಬಂದಾಗ ನೀನು ನನ್ನ ಮುಖ ನೋಡಿ ಇನ್ನೊಂದು ರೊಟ್ಟಿ ಹಾಕಿದೆ.

ಆ ಚಳಿಗಾಲ ನೀನು ಹೊರಟೇಬಿಟ್ಟೆ. ಬೆಳಿಗ್ಗೆ ಎದೆ ಹಿಡಿದುಕೊಂಡೆಯಂತೆ, ದವಾಖಾನೆಯ ಬಾಗಿಲು ಮುಟ್ಟುವಷ್ಟರಲ್ಲಿ... ನಾನು ಬಂದಾಗ ನಿನ್ನನ್ನು ಕೂರಿಸಿ ವಿಭೂತಿ ಹಚ್ಚಿದ್ದರು. ಸುತ್ತ ವಚನ ಹಾಡುತ್ತಿದ್ದರು, ಎತ್ತಿಕೊಡುತ್ತಿದ್ದವಳು ಪಾರವ್ವ ಅತ್ತೆ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅವಳ ಮೇಲಲ್ಲ, ನಿನ್ನ ಮೇಲೆ. ಸ್ವಲ್ಪ ತಡೆಯಬಾರದಿತ್ತೇ? ಶರತ್ತು ಹಾಕಿದವಳು ಹೀಗೆ ನಡುವೆ ಎದ್ದು ಹೋಗುವುದೇ? ಮಣ್ಣು ಕೊಟ್ಟು ಬಂದ ಮೇಲೆ ನಿನ್ನ ಮಗ್ಗದ ಪಕ್ಕ ಕೂತು ಹೊಟ್ಟೆ ತುಂಬ ಅತ್ತೆ.

ಮತ್ತೆ ಕೆಲಸಕ್ಕೆ ಹೋದ ದಿನ ಮೇಜಿನ ಮೇಲೆ ಮುರಿದ ಪಟ್ಟಿಗಳು ಹಾಗೇ ಬಿದ್ದಿದ್ದವು. ಒಂದನ್ನು ಎತ್ತಿ ತುದಿಯ ಕೆಂಪು ಎಳೆಯನ್ನು ಎಳೆದೆ. ಸೂಜಿಯಿಂದ ದಾರ ಜಾರಿದಷ್ಟು ಸಲೀಸಾಗಿ ಹೊರಗೆ ಬಂತು. ಅಂದರೆ ಸುತ್ತಲಿನ ಗುಲಾಬಿ ವಸ್ತು ಅದನ್ನು ಹಿಡಿದೇ ಇರಲಿಲ್ಲ. ಯಾಕೆ ಹಿಡಿಯಲಿಲ್ಲ? ಎಳೆಯನ್ನು ಬೆರಳಲ್ಲಿ ಉಜ್ಜಿದೆ. ಒರಟು. ರೇಷ್ಮೆ ಒರಟಾಗಿರುವುದುಂಟೇ? ಅಯೋಡಿನ್ನಿನ ಒಂದು ಹನಿ ಬಿಟ್ಟೆ. ನೋಡನೋಡುತ್ತ ಎಳೆ ಕಪ್ಪುನೀಲಿಯಾಯಿತು. ಗಂಜಿ! ಶಾಲೆಯ ಮಕ್ಕಳಿಗೂ ಗೊತ್ತಿರುವ ಪರೀಕ್ಷೆ ಅದು.

ಆ ಗಂಜಿ ಎಲ್ಲಿಂದ ಬಂತು ಗೊತ್ತೇ? ನಿನ್ನಿಂದ. ಬೆಳಗಿನ ಹೊತ್ತು ಓಣಿಯ ಉದ್ದಕ್ಕೂ ಮಗ್ಗದ ಹಾಸಿನ ಎಳೆಗಳನ್ನು ಬಿಗಿದು ಆ ಹತ್ತಿ ನೂಲಿಗೆ ಗಂಜಿ ಹಚ್ಚುವಾಗ ನನ್ನ ಕೈಗೆ ಕುಂಚ ಕೊಟ್ಟು ಕಲಿಸಿದವಳು ನೀನು. ಗಂಜಿ ಹಚ್ಚದ ನೂಲನ್ನು ಮಗ್ಗಕ್ಕೆ ಏರಿಸಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತಲ್ಲ. ರೇಷ್ಮೆಗೆ ಅದು ಬೇಕಾಗಿಲ್ಲ ಎಂದು ನನಗೆ ಗೊತ್ತು, ಆದರೆ ಬೆರಳಿಗೆ ಗೊತ್ತಿರಬೇಕಲ್ಲ? ಅಚ್ಚಿನಲ್ಲಿ ಎಳೆ ನೆಟ್ಟಗೆ ಕೂರಲಿ ಎಂದು ಪ್ರತಿ ಸಲವೂ ತೆಳುವಾಗಿ ಗಂಜಿ ಸವರಿ ಒಣಗಿಸಿದ್ದೆ. ಟಿಪ್ಪಣಿಯಲ್ಲಿ ಬರೆಯಬೇಕು ಎನ್ನುವುದೂ ಹೊಳೆದಿರಲಿಲ್ಲ, ಉಸಿರಾಡಿದ್ದನ್ನು ಯಾರಾದರೂ ಬರೆಯುತ್ತಾರೆಯೇ? ಇಂಥ ತಪ್ಪನ್ನು ಬೇರೆ ಯಾವ ಊರಿನ ಸಂಶೋಧಕಿಯೂ ಮಾಡಲಾರಳು. ಪ್ರಯೋಗಾಲಯದಲ್ಲಿ ಒಬ್ಬಳೇ ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನ ಪಟ್ಟಿಗಳನ್ನೆಲ್ಲ ಮುರಿದವಳು ನೀನೇ, ದೊಡ್ಡವ್ವ!

ಅವತ್ತೇ ಉಳಿದ ರೇಷ್ಮೆಯನ್ನು ಬಿಸಿನೀರಿನಲ್ಲಿ ನೆನೆಸಿ ತೊಳೆದೆ, ಅಯೋಡಿನ್ ಹಾಕಿದರೆ ನೀಲಿಯಾಗದಷ್ಟು ತೊಳೆದೆ. ಒಣಗಿಸಿ, ಆ ವಾಸನೆಯ ದ್ರವದಲ್ಲೇ ಅದ್ದಿ, ಆಮೇಲೆ ಅಚ್ಚಿಗಿಟ್ಟೆ. ಯಂತ್ರ ಒತ್ತತೊಡಗಿತು. ಮುಳ್ಳು ಬರಿಯ ಪಟ್ಟಿ ಮುರಿಯುವ ಜಾಗ ದಾಟಿತು. ಇನ್ನೂ ಏರಿತು. ಕೊನೆಗೆ ಬಿರುಕು ಬಿತ್ತು, ಆದರೆ ಪಟ್ಟಿ ಎರಡಾಗಲಿಲ್ಲ, ರೇಷ್ಮೆ ಎರಡೂ ತುಂಡನ್ನು ಹಿಡಿದು ನಿಂತಿತ್ತು. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇನ್ನೊಂದು ಮಾಡು, ಇನ್ನೂ ಹತ್ತು ಮಾಡು ಎಂದರು. ಮಾಡಿದೆ. ಎಲ್ಲವೂ ನಿಂತವು. ಆ ಸಂಜೆ ನವನಗರದ ಖಾಲಿ ರಸ್ತೆಯಲ್ಲಿ ನಿನ್ನ ಧಾಟಿಯಲ್ಲಿ ಗಟ್ಟಿಯಾಗಿ ಹಾಡಿಕೊಂಡು ನಡೆದೆ. ನಾಯಿಗಳು ಹಿಂದೆ ಬಂದವು, ಬರಲಿ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ, ಸಿಟ್ಟಾಗಬೇಡ. ಕಾಲೇಜಿನ ಸಮಿತಿ ಒಪ್ಪಿ, ಮೊದಲ ಸೆಟ್ಟನ್ನು ಹಾಕಿಕೊಳ್ಳಲು ಒಬ್ಬರು ಬೇಕಾದಾಗ ಮುಂದೆ ಬಂದವಳು ಪಾರವ್ವ ಅತ್ತೆ. ಅವಳ ಹಲ್ಲೂ ಉದುರಿದ್ದವು. ನೀನು ಹೋದ ಮೇಲೆ ಅವಳಿಗೆ ಹಾಡಲು ಮನಸ್ಸೇ ಉಳಿದಿರಲಿಲ್ಲವಂತೆ, ಎದುರಿಗೆ ಮುಖ ಗಂಟು ಹಾಕಿಕೊಂಡು ಕೂರುವವರೇ ಇಲ್ಲವಲ್ಲ ಎನ್ನುತ್ತಿದ್ದಳು. ಒಳಗಿನದು ಕಾಣಲಿ ಎಂದು ಅಂಗುಳಿನ ಭಾಗವನ್ನು ಬಣ್ಣವಿಲ್ಲದ ಪುಡಿಯಲ್ಲಿ ಮಾಡಿದ್ದೆ. ಅವಳು ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಟ್ಟನಡುವೆ ಅಡ್ಡಲಾಗಿ ಕೆಂಪು ಎಳೆಗಳು ಹೊಳೆದವು. ಯಾವ ರೇಷ್ಮೆ ಇದು ಎಂದಳು. ಹೇಳಿದೆ. ಸೆಟ್ಟನ್ನು ಮತ್ತೊಮ್ಮೆ ಬೆಳಕಿಗೆ ತಿರುಗಿಸಿದಳು.

"ಆಕಿ ಬದುಕಿರೋತನಕ ನನ್ನ ಬಾಯಿಗೆ ಹೆದರಲಿಲ್ಲ. ಈಗ ಅದರೊಳಗ ಬಂದು ಕುಂತಾಳ. ಇರ್ಲಿ, ಕುಂದರ್ಲಿ."

ಈ ಸಲದ ಬಸವ ಜಯಂತಿಗೆ ನಾನೇ ಅಮೀನಗಡದಲ್ಲಿ ಇಳಿದು ಕರದಂಟು ತಂದೆ. ಮಠದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಪಾರವ್ವ ಅತ್ತೆ ದೊಡ್ಡ ತುಂಡನ್ನೇ ಆರಿಸಿಕೊಂಡು ಕಡಿದಳು. ಟಕ್ಕೆಂದಿತು. ಮುರಿದದ್ದು ಗೋಡಂಬಿ. ಅವಳು ನಿಧಾನವಾಗಿ ಅಗಿದು ನುಂಗಿ, ಇನ್ನೊಂದು ತುಂಡಿಗೆ ಕೈ ಚಾಚಿದಳು. ಓಣಿಯ ಹೆಂಗಸರು ಹೋ ಎಂದು ನಕ್ಕ ಸದ್ದು ಬಸ್ ಸ್ಟ್ಯಾಂಡಿಗೂ ಕೇಳಿರಬೇಕು.

ಆಮೇಲೆ ಅವಳು ಗಂಟಲು ಸರಿಮಾಡಿಕೊಂಡು ಹಾಡು ಎತ್ತಿದಳು. ತನ್ನ ಧಾಟಿಯಲ್ಲಲ್ಲ, ದೊಡ್ಡವ್ವ. ನಿನ್ನದರಲ್ಲಿ. ಎರಡನೆಯ ಸಾಲಿನಲ್ಲಿ ನೀನು ದನಿ ಇಳಿಸಿ ಒಂದು ಕ್ಷಣ ತಡೆಯುತ್ತಿದ್ದೆಯಲ್ಲ, ಅಲ್ಲೇ ತಡೆದಳು. ಎಲ್ಲೂ ಕೆಡಿಸಲಿಲ್ಲ. ಓಣಿಯ ಎಲ್ಲರೂ ಹಿಡಿದರು, ನಾನೂ ಹಿಡಿದೆ. ಅವಳ ಬಾಯಿ ಅಗಲವಾಗಿ ತೆರೆದಾಗಲೆಲ್ಲ ದೀಪದ ಬೆಳಕಿಗೆ ಒಳಗೆ ಕೆಂಪಗೆ ಏನೋ ಮಿಂಚುತ್ತಿತ್ತು. ಹಲ್ಲು ಮಾಡಿಕೊಂಡು ಬಂದರೆ ಮಠದಲ್ಲಿ ಮತ್ತೆ ಬಾಯಿ ತೆಗೆಯುತ್ತೇನೆ ಎಂದು ನೀನು ಮಾತು ಕೊಟ್ಟಿದ್ದೆ.

ನೀನು ತೆಗೆದೆ, ದೊಡ್ಡವ್ವ.