ಎರಡು ಹೆಸರು, ಒಂದು ಕುರ್ಚಿ

ಮನೆಯಿಂದ,
ಮಂಗಳವಾರ ಬೆಳಿಗ್ಗೆ

ಮುದ್ದಿನ ಮಗಳೇ,

ಕಾಲಿನ ಪ್ಲಾಸ್ಟರ್ ಬಿಚ್ಚಿದರಾ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು, ಆದರೂ ಹೇಳುತ್ತೇನೆ. ನನ್ನ ಮಂಡಿನೋವು ಇದ್ದಲ್ಲೇ ಇದೆ. ನಿಮ್ಮಪ್ಪ ಗಟ್ಟಿಮುಟ್ಟಾಗಿದ್ದಾರೆ, ಕೆಟ್ಟಿರುವುದು ನನ್ನ ತಲೆ.

ಕರೆಂಟಿನ ದರ ನಿಗದಿ ಮಾಡುವ ಆಯೋಗದಲ್ಲಿ ಸದಸ್ಯರ ಕುರ್ಚಿ ಖಾಲಿಯಾಗಿದ್ದು, ನಿಮ್ಮಪ್ಪ ಅರ್ಜಿ ಹಾಕಿದ್ದು ನಿನಗೆ ಗೊತ್ತೇ ಇದೆ. ನಿವೃತ್ತ ನ್ಯಾಯಾಧೀಶರ ಸಮಿತಿ ಬಂದವರನ್ನೆಲ್ಲ ಸೋಸಿ ಎರಡು ಹೆಸರು ಕಳಿಸಿತು. ಒಂದು ಇವರದು. ಎರಡರಲ್ಲಿ ಒಂದಕ್ಕೆ ಸರ್ಕಾರ ಸಹಿ ಹಾಕಿದರೆ ಮುಗಿಯಿತು. ಆದರೆ ಆ ಫೈಲು ಮಂತ್ರಿಗಳ ಮೇಜಿನ ಮೇಲೆ ಹಾಯಾಗಿ ಮಲಗಿದೆ. ಕೇಳಿದರೆ "ಪರಿಶೀಲನೆಯಲ್ಲಿದೆ" ಅಂತಾರೆ. ಎರಡೇ ಎರಡು ಹೆಸರು ಓದುವುದಕ್ಕೆ ಇಷ್ಟು ತಿಂಗಳು ಬೇಕೇ?

ಅವರು ಕೊಡುವ ಮೊದಲೇ ಇವರು ಆ ಕುರ್ಚಿಯಲ್ಲಿ ಕೂತುಬಿಟ್ಟಿದ್ದಾರೆ. ಮೊನ್ನೆ ಬೀದಿಗೆ ಬೀದಿಯೇ ಕರೆಂಟಿಲ್ಲದೆ ಕೂತಿತ್ತು. ನೀನು ಕೆಲಸ ಮಾಡುವ ಕರೆಂಟ್ ಕಂಪನಿಗೆ ನಾನು ದೂರು ಕೊಡಲು ಹೋದರೆ ಫೋನ್ ಕಿತ್ತುಕೊಂಡು, "ಬೇಡ ಕಣೇ, ನಾಳೆ ಅವರ ಕೇಸು ನನ್ನ ಮುಂದೇನೇ ಬರಬಹುದು" ಎಂದರು. ಫ್ರಿಜ್ಜಿನಲ್ಲಿದ್ದ ಹಾಲು ಒಡೆಯಿತು. ದಿನಾ ಜೊತೆಗೆ ವಾಕಿಂಗ್ ಹೋಗುತ್ತಿದ್ದ ಕರೆಂಟ್ ಲೈನ್ ಎಳೆಯುವ ಗುತ್ತಿಗೆದಾರರನ್ನು ಕಂಡರೆ ಈಗ ರಸ್ತೆ ದಾಟುತ್ತಾರೆ. ಇದನ್ನೆಲ್ಲ ಹೇಗೋ ಸಹಿಸಬಹುದು. ಆದರೆ ನೀನು ಆ ಕಂಪನಿಯ ವಕೀಲೆ, ನಿಮ್ಮ ದರ ಏರಿಕೆಯ ಅರ್ಜಿ ಆಯೋಗದ ಮುಂದಿದೆ ಎಂದು ಹೆತ್ತ ಮಗಳ ಜೊತೆಗೇ ಮಾತು ಬಿಟ್ಟಿದ್ದಾರಲ್ಲ, ಅದು ಮಾತ್ರ ನನ್ನ ಕೈಲಾಗುತ್ತಿಲ್ಲ. ನೀನು ಬಿದ್ದು ಕಾಲು ಮುರಿದುಕೊಂಡಾಗಲೂ ನನ್ನೊಬ್ಬಳನ್ನೇ ಕಳಿಸಿದರು. "ಅಪ್ಪ ನನ್ನ ಮರೆತೇಬಿಟ್ರಾ" ಎಂದು ಅಂದು ನೀನು ಅತ್ತುಬಿಟ್ಟೆ. ಮರೆತಿಲ್ಲ ಮಾರಾಯ್ತಿ. ನಿನ್ನ ಫೋನ್ ಇಟ್ಟ ಕೂಡಲೇ ಅಡುಗೆಮನೆಗೆ ಬಂದು, ಪಾತ್ರೆ ಒರೆಸುವ ನೆಪದಲ್ಲಿ "ಏನಂತೆ?" ಎನ್ನುತ್ತಾರೆ. ನಾನು ಬೇಕಂತಲೇ ಬಾಯಿ ಬಿಡುವುದಿಲ್ಲ. ಒದ್ದಾಡಲಿ ಸ್ವಲ್ಪ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಕಾಲಿಗೆ ಮೊದಲಿನ ಬಲ ಬರಲಿ, ಹಟ ಸ್ವಲ್ಪ ಕಡಿಮೆಯಾಗಲಿ.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸುದ್ದಿ ಬಂತು. ಇನ್ನೊಬ್ಬರ ಹೆಸರಿಗೆ ಸಹಿ ಬಿದ್ದಿದೆ. ನಿಮ್ಮಪ್ಪ ಟಿವಿ ಆರಿಸಿದರು. ಆಮೇಲೆ "ಅವಳೂರಿಗೆ ಮಧ್ಯಾಹ್ನ ಬಸ್ಸಿದ್ಯಾ?" ಎಂದು ಕೇಳಿ, ಈಗ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಈ ಪತ್ರ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬಾಗಿಲಲ್ಲೇ ನಿಲ್ಲಿಸಿ ಬೈಯಬೇಡ, ಒಳಗೆ ಕರೆದು ಕೂರಿಸಿ, ಆಮೇಲೆ ಬೈ.