ನಮ್ಮ ಅಂಗಡಿ ಬಾಗಿಲಲ್ಲಿ ನಿಂತ ನೆಪ್ಚೂನ್

ಉದ್ಯಾನ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನೀವು ನೆಟ್ಟ ನೆಪ್ಚೂನ್ ಗ್ರಹದಿಂದ ನನ್ನ ಹೆಂಡತಿಯ ಹಾಸಿಗೆ ಅಂಗಡಿ ಮುಚ್ಚುವ ಸ್ಥಿತಿಗೆ ಬಂದಿದೆ. ತಪ್ಪು ಯಾರದೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ನನ್ನದು.

ಉದ್ಯಾನದಲ್ಲಿ ನೀವು ಒಂದು ಮೀಟರ್ ಅಗಲದ ಸೂರ್ಯನನ್ನು ಕೂರಿಸಿ, ಇಪ್ಪತ್ತು ಹೆಜ್ಜೆಯೊಳಗೆ ಎಂಟೂ ಗ್ರಹಗಳನ್ನು ನಿಲ್ಲಿಸಿದ್ದಿರಿ. ಮಕ್ಕಳು ಖುಷಿಯಾಗಿದ್ದರು. ಮೂವತ್ತೊಂದು ವರ್ಷ ಭೂಮಾಪಕನಾಗಿದ್ದ ನನಗೆ ಮಾತ್ರ ತಡೆಯಲಾಗಲಿಲ್ಲ. ಸೂರ್ಯ ಒಂದು ಮೀಟರಾದರೆ ಭೂಮಿ ಬಟಾಣಿ ಕಾಳಿನಷ್ಟು, ನೂರ ಏಳು ಮೀಟರ್ ದೂರದಲ್ಲಿ. ನೆಪ್ಚೂನ್ ಸಣ್ಣ ನಿಂಬೆಹಣ್ಣಿನಷ್ಟು, ಮೂರು ಕಿಲೋಮೀಟರಿಗೂ ಆಚೆ. ಇಷ್ಟೂ ತಿಳಿಯದೆ ಇಲಾಖೆ ನಡೆಸುತ್ತೀರಾ ಎಂದು ಒಂಬತ್ತು ಪುಟ ಬರೆದೆ. ಎಲ್ಲವೂ ಒಂದೇ ನೇರ ಗೆರೆಯಲ್ಲಿರಬೇಕು, ಒಂದಿಂಚೂ ಅತ್ತಿತ್ತ ಆಗಕೂಡದು ಎಂದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ನೀವು ಓದುತ್ತೀರೆಂದು ನನಗೇನು ಗೊತ್ತು? ನಿಮ್ಮ ಇಲಾಖೆ ಜನ್ಮದಲ್ಲಿ ಒಮ್ಮೆ ಒಬ್ಬನ ಮಾತು ಕೇಳಿತು. ಆ ಪುಣ್ಯವಂತ ನಾನೇ ಆಗಬೇಕಿತ್ತೇ?

ಉದ್ಯಾನದಿಂದ ಅಷ್ಟು ದೂರ ಅಳೆಯುತ್ತಾ ಬಂದ ನಿಮ್ಮ ಮೇಸ್ತ್ರಿ ನಮ್ಮ ಅಂಗಡಿ ಬಾಗಿಲಿಗೆ ನಟ್ಟನಡುವೆ ಆರಡಿ ಕಾಂಕ್ರೀಟ್ ಕಂಬ ನೆಟ್ಟು, ಅದರ ನೆತ್ತಿಯ ಮೇಲೆ ಪುಟ್ಟ ನೀಲಿ ಗುಂಡು ಕೂರಿಸಿದ. ತಡೆಯಲು ಹೋದರೆ, "ಸಾರ್, ಒಂದಿಂಚೂ ಆಚೀಚೆ ಆಗ್ಬಾರ್ದು ಅಂತ ನೀವೇ ಬರ್ದಿದೀರಲ್ಲ!" ಎಂದು ನನ್ನ ಕಾಗದವನ್ನು ನನಗೇ ತೋರಿಸಿದ. ನಾರಿನ ಹಾಸಿಗೆ ಮಡಚಲು ಬರುವುದಿಲ್ಲ. ಕಂಬ ದಾಟಿ ಹೊರಗೂ ಬರುವುದಿಲ್ಲ. ಅಂದಿನಿಂದ ದಿಂಬು ಬಿಟ್ಟು ಬೇರೇನೂ ಮಾರಾಟವಾಗಿಲ್ಲ. ಹತ್ತೊಂಬತ್ತು ವರ್ಷ ಆಕೆ ಒಬ್ಬಳೇ ಕಟ್ಟಿ ನಿಲ್ಲಿಸಿದ ಅಂಗಡಿ ಅದು. ಆಕೆಯ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ.

ಒಂದು ದಿನ ದಿಂಬು ಹೊಲಿಯುತ್ತಾ ಕೇಳಿದಳು: "ರೀ, ಗ್ರಹಗಳೆಲ್ಲ ಸೂರ್ಯನ ಸುತ್ತ ತಿರುಗ್ತವೆ ಅಲ್ವಾ?"

"ಹೌದು, ಮತ್ತೆ!"

"ಹಾಗಿದ್ರೆ ಒಂದೇ ಗೆರೆಯಲ್ಲಿ ಯಾಕೆ ನಿಲ್ಲಿಸ್ಬೇಕು? ಅಷ್ಟೇ ದೂರದಲ್ಲಿ, ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದ್ರೂ ಅಳತೆ ಸರಿಯಾಗೇ ಇರುತ್ತಲ್ಲ?"

ಗ್ರಹಗಳು ಸುತ್ತುತ್ತವೆ ಎಂಬುದನ್ನೇ ಮರೆತು ನಾನು ನಿಮಗೆ ಖಗೋಳ ಕಲಿಸಲು ಹೊರಟಿದ್ದೆ. ನನ್ನ ಬುದ್ಧಿಗೆ ಏನು ಹೇಳೋಣ?

ಆದ್ದರಿಂದ ಕಂಬವನ್ನು ಎಡಕ್ಕೆ ಹದಿನೈದು ಅಡಿ ಸರಿಸಿ. ಇದನ್ನು ನಿಮ್ಮ ಕಚೇರಿಗೆ ಬರೆದುಕೊಟ್ಟು ನಲವತ್ತಮೂರು ದಿನವಾಯಿತು, ಕಡತ ಕದಲಿಲ್ಲ. ಗ್ರಹಗಳಲ್ಲೆಲ್ಲ ನಿಧಾನವಾದದ್ದು ನೆಪ್ಚೂನ್; ಸೂರ್ಯನನ್ನು ಒಮ್ಮೆ ಸುತ್ತಲು ಅದಕ್ಕೆ ನೂರ ಅರವತ್ತೈದು ವರ್ಷ ಬೇಕು. ಉದ್ಯಾನದ ಅಳತೆಗೆ ಇಳಿಸಿ ನೋಡಿದರೆ ದಿನಕ್ಕೆ ಒಂದಡಿಗಿಂತ ತುಸು ಹೆಚ್ಚು. ನೀವು ಕಾಂಕ್ರೀಟ್ ಹಾಕದೆ ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ, ಹದಿನಾಲ್ಕನೇ ದಿನಕ್ಕೆ ಅದೇ ನನ್ನ ಹೆಂಡತಿಗೆ ದಾರಿ ಬಿಟ್ಟಿರುತ್ತಿತ್ತು.

ಇಂತಿ,
ಸದ್ಯ ದಿಂಬಿಗೆ ಹತ್ತಿ ತುಂಬುತ್ತಿರುವ
ನಿವೃತ್ತ ಭೂಮಾಪಕ